ಹಳೆಯ ಬಿಡಾರ, ಹೊಸ ಅಲಂಕಾರ

ಮುಂಬಯಿಯ ಮಾಟುಂಗಾದಲ್ಲಿ ಬಹುಕಾಲದಿಂದ ನೆಲಸಿರುವ ನಮ್ಮ ಮಿತ್ರರೊಬ್ಬರು ತಮ್ಮ ಬಿಡಾರವನ್ನು ಹೊಸದಾಗಿ ಅಲಂಕರಿಸಬೇಕೆಂದು ಸಂಕಲ್ಪಿಸಿ, ಆ ವಿಷಯದಲ್ಲಿ ಮನೆಯೊಳಗೇ ಎದ್ದಿರುವ ಭಿನ್ನಾಭಿಪ್ರಾಯವನ್ನು ನಮ್ಮ ಮುಂದಿಟ್ಟು ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಒಬ್ಬರ ಮನೆಯ ನೆಲಗೋಡೆಗಳ ಮಾತು ದಿನಪತ್ರಿಕೆಯ ಅಗ್ರಲೇಖನಕ್ಕೆ ತಕ್ಕ ವಿಷಯವೇ ಎಂದು ವಾಚಕರು ಶಂಕಿಸಬಹುದು. ತಕ್ಕದ್ದೆಂದೇ ನಮ್ಮ ಭಾವನೆ. ಏತಕ್ಕೆಂದರೆ, ಈ ಪ್ರಶ್ನೆ ಅವರೊಬ್ಬರದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿದ್ದಿತು. ವಕೀಲರೂ ಕಾರಕೂನರೂ ವಿದ್ಯಾರ್ಥಿಗಳೂ ಆ ನಗರವನ್ನೇ ಆಶ್ರಯಿಸಿದರು. ದಕ್ಷಿಣ ಕನ್ನಡದಿಂದ ಹೋಟೆಲು ವ್ಯಾಪಾರಕ್ಕೆಂದು ಹೋದವರ ಸಂಖ್ಯೆಯೂ ಕಡಿಮೆಯದಲ್ಲ. ಮೈಸೂರು ಅಸೋಸಿಯೇಷನ್ನು ಅಲ್ಲಿ 1926ರಲ್ಲೇ ಸ್ಥಾಪಿತವಾಯಿತು. ಹೀಗೆ ಹೋದ ಕುಟುಂಬಗಳಲ್ಲಿ ಅನೇಕವು 1930 ಮತ್ತು 1940ರ ದಶಕಗಳಲ್ಲಿ ಕಟ್ಟಿದ ಮೂರು ನಾಲ್ಕು ಅಂತಸ್ತಿನ ಮನೆಗಳ ಬ್ಲಾಕುಗಳಲ್ಲಿ ಇಂದಿಗೂ ವಾಸಿಸುತ್ತಿವೆ. ಅವರ ಮುಂದೆಲ್ಲ ಇದೇ ಪ್ರಶ್ನೆ ಇಂದಲ್ಲ ನಾಳೆ ಬಂದು ನಿಲ್ಲತಕ್ಕದ್ದೇ ಆಗಿದೆ.

ಮಿತ್ರರ ಬಿಡಾರವನ್ನು ನಾವು ಕಣ್ಣಾರೆ ನೋಡಿದ್ದೇವೆ. ನಡುಮನೆಯಲ್ಲಿ ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಬೆರೆಸಿ ತಿಕ್ಕಿ ನಯಗೊಳಿಸಿದ ನೆಲ. ಅದರ ಅಂಚಿಗೆ ಕಪ್ಪು ಹಾಗೂ ಕೆಂಪು ಪಟ್ಟಿ. ನಟ್ಟನಡುವೆ ಒಂದು ಅಷ್ಟದಳ. ಬಾಗಿಲು ಕಿಟಕಿಗಳು ತೇಗಿನವು. ಮೂಲೆ ತಿರುಗಿದಂತೆ ಬಾಗಿರುವ ಮೊಗಸಾಲೆ, ಅದಕ್ಕೆ ಅಲೆಯಲೆಯಾಗಿ ಹೊಯ್ದ ಕಬ್ಬಿಣದ ಕಟಾಂಜನ. ಕಿಟಕಿಗಳ ಮೇಲೆ ಹುಬ್ಬಿನಂತೆ ಕಟ್ಟಡವನ್ನೆಲ್ಲ ಸುತ್ತುವರಿದ ಚಜ್ಜ. ಮಿತ್ರರ ಮಗನೂ ಸೊಸೆಯೂ ಸುಶಿಕ್ಷಿತರು, ಸಂಪಾದನಾಶೀಲರು. ನೆಲದ ಮೇಲೆ ಹೊಳೆಯುವ ಹೊಸ ಟೈಲು, ತಲೆಯ ಮೇಲೆ ಪ್ಲಾಸ್ಟರಿನ ಹುಸಿ ಮಾಳಿಗೆ, ತೇಗಿನ ಕಿಟಕಿಗಳ ಸ್ಥಾನದಲ್ಲಿ ಸರಿಯುವ ಅಲ್ಯೂಮಿನಿಯಂ ಕಿಟಕಿ, ಮೊಗಸಾಲೆಯನ್ನು ಗಾಜಿನಿಂದ ಮುಚ್ಚಿ ಒಂದು ಕೋಣೆ, ಇವು ಅವರ ಯೋಜನೆ. ಎಂಬತ್ತು ದಾಟಿದ ತಾಯಿಯವರು ಏನನ್ನೂ ವಿರೋಧಿಸಿದವರಲ್ಲ. ಆ ಅಷ್ಟದಳದ ಮೇಲೆ ತಮ್ಮನ್ನು ಮದುವೆಯಾಗಿ ಬಂದಾಗ ನಿಲ್ಲಿಸಿ ಆರತಿ ಬೆಳಗಿದ್ದರೆಂದೂ, ಅದೊಂದನ್ನು ಒಡೆಯದಿದ್ದರೆ ಸಾಕೆಂದೂ ಮಾತ್ರ ಹೇಳಿದರಂತೆ. ಅದಕ್ಕೆ ಒಡೆಯುವುದೇ ಇಲ್ಲ, ಮೇಲೆ ಮುಚ್ಚುತ್ತೇವೆ ಎಂದು ಮಗನು ಸಮಾಧಾನ ಹೇಳಿದ್ದಾನೆ. ಆ ಸಮಾಧಾನವು ತಾಯಿಗೆ ಆಗಿಲ್ಲ, ನಮಗೂ ಆಗಿಲ್ಲ.

ಈ ಮನೆಗಳ ಹುಟ್ಟನ್ನು ಸ್ವಲ್ಪ ವಿಚಾರಿಸಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಬೆಳಕು ಗಾಳಿಗಳಿಲ್ಲದ ಚಾಳುಗಳಲ್ಲಿ ಜನರು ಹುಳುಗಳಂತೆ ಸತ್ತರು. ನಮ್ಮ ಹುಬ್ಬಳ್ಳಿ ಧಾರವಾಡಗಳನ್ನಾಗಲಿ ಬೆಂಗಳೂರನ್ನಾಗಲಿ ಆ ಮಾರಿ ಬಿಡಲಿಲ್ಲವೆಂಬುದು ಹಿರಿಯರ ಬಾಯಿಂದ ಕೇಳಿದವರಿಗೆ ತಿಳಿದೇ ಇದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಅದರ ಫಲವಾಗಿಯೇ ಹುಟ್ಟಿದವು. ಮುಂಬಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಏರ್ಪಟ್ಟು, ಕ್ರಮೇಣ ದಾದರ ಮಾಟುಂಗಾಗಳಲ್ಲಿ ಅಗಲವಾದ ಬೀದಿ, ಮನೆಮನೆಗೂ ನಡುವೆ ತೆರವು, ಉದ್ಯಾನಗಳು, ಇವುಗಳನ್ನೊಳಗೊಂಡ ಬಡಾವಣೆಗಳನ್ನು ನಿರ್ಮಿಸಿತು. ಆದುದರಿಂದ ಆ ಕಾಲದ ಮನೆಗಳಲ್ಲಿ ಕಿಟಕಿ ದೊಡ್ಡದಾಗಿರುವುದೂ ಮಾಳಿಗೆ ಎತ್ತರವಾಗಿರುವುದೂ ಮೊಗಸಾಲೆಯೆಂಬುದೊಂದು ಇರುವುದೂ ಶೋಕಿಗಾಗಿ ಅಲ್ಲ. ಸಾವಿರಾರು ಹೆಣಗಳನ್ನು ಹೊತ್ತ ಮೇಲೆ ಒಂದು ನಗರವು ಕಲಿತ ಪಾಠವದು. ಅಂಥ ಮೊಗಸಾಲೆಯನ್ನು ಮುಚ್ಚುವವರು ತಾವು ಏನನ್ನು ಮುಚ್ಚುತ್ತಿದ್ದೇವೆಂಬುದನ್ನು ಅರಿತು ಮುಚ್ಚಲಿ.

ಇನ್ನು ಆ ಮನೆಗಳ ರೂಪದ ವಿಷಯ. ಇದಕ್ಕೆ ಇಂದು ‘ಆರ್ಟ್ ಡೆಕೊ’ ಎಂಬ ಹೆಸರು ರೂಢಿಯಲ್ಲಿದೆ. 1925ರಲ್ಲಿ ಪ್ಯಾರಿಸಿನಲ್ಲಿ ನಡೆದ ಅಲಂಕಾರಕಲೆಗಳ ಪ್ರದರ್ಶನದಿಂದ ಹುಟ್ಟಿದ ಹೆಸರಾದರೂ ಇದು ಎಲ್ಲರ ಬಾಯಿಗೆ ಬಂದದ್ದು 1960ರ ದಶಕದಲ್ಲಿ. ಕಟ್ಟಿದವರು ಅದನ್ನು ‘ನವೀನ ಪದ್ಧತಿ’ ಎಂದಷ್ಟೇ ಕರೆದರು. ವಿಲಾಯತಿ ಹೆಸರನ್ನು ಕೇಳಿದೊಡನೆ, ‘ಇದು ಪರಕೀಯರ ಶೈಲಿಯಷ್ಟೆ, ಇದನ್ನು ಉಳಿಸುವುದರಲ್ಲಿ ದೇಶಾಭಿಮಾನಿಗಳಿಗೇನು ಕೆಲಸ?’ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ಒಂದು ಕಾಲಕ್ಕೆ ನಾವೂ ಹೀಗೆಯೇ ಎಣಿಸಿದ್ದೆವು. ಆದರೆ ವಿಚಾರಿಸಿ ನೋಡಿದರೆ ಸಂಗತಿ ಬೇರೆಯಾಗಿದೆ. ಸರಕಾರದ ಕಟ್ಟಡಗಳನ್ನು ಆಂಗ್ಲ ಶಿಲ್ಪಿಗಳು ಗಾಥಿಕ್ ಗೋಪುರಗಳಿಂದ ಸಿಂಗರಿಸಿದರು, ನಿಜ. ಈ ಬ್ಲಾಕುಗಳಾದರೋ ಬಹುಮಟ್ಟಿಗೆ ನಮ್ಮವರ ಹಣದಿಂದ, ನಮ್ಮವರು ವಾಸಿಸುವುದಕ್ಕೆ, ನಮ್ಮವರೇ ಆದ ಶಿಲ್ಪಿಗಳ ನಕ್ಷೆಯಂತೆ ಎದ್ದವು. ಗಜಾನನ ಬಾಬೂರಾವ್ ಮ್ಹಾತ್ರೆಯವರ ಹೆಸರನ್ನು ಮುಂಬಯಿಯ ಶಿಲ್ಪವಿದ್ಯಾರ್ಥಿಗಳು ಇಂದಿಗೂ ಗೌರವದಿಂದ ಹೇಳುತ್ತಾರೆ. ಮರೀನ್ ಡ್ರೈವಿನ ತಿರುವಿನಲ್ಲಿರುವ ಸೂನಾ ಮಹಲು ಅವರದು. ಫೋರ್ಟಿನಲ್ಲಿ 1936ರ ನ್ಯೂ ಇಂಡಿಯಾ ವಿಮಾ ಸಂಸ್ಥೆಯ ಕಟ್ಟಡದ ಮುಖದ ಮೇಲೆ ದುಡಿಯುವ ಭಾರತೀಯರನ್ನೇ ಉಬ್ಬುಚಿತ್ರಗಳಾಗಿ ಕೆತ್ತಿರುವುದನ್ನು ಯಾರಾದರೂ ನೋಡಬಹುದು. ಭಾರತೀಯ ಶಿಲ್ಪಿಗಳ ಸಂಸ್ಥೆಯವರು 1937ರ ನವೆಂಬರಿನಲ್ಲಿ ಮುಂಬಯಿಯ ಟೌನ್ ಹಾಲಿನಲ್ಲಿ ‘ಆದರ್ಶ ಗೃಹ’ ಪ್ರದರ್ಶನವನ್ನೇ ಏರ್ಪಡಿಸಿ, ಮಧ್ಯಮ ವರ್ಗದವರ ಮನೆ ಹೇಗಿರಬೇಕೆಂಬುದನ್ನು ಜನತೆಗೆ ತೋರಿಸಿದರು.

ಅಷ್ಟೇ ಅಲ್ಲ. ಮಿತ್ರರ ಮನೆಯ ಆ ನೆಲದ ಜಾತಿಯನ್ನೇ ನೋಡಿರಿ. ಸಿಮೆಂಟಿನ ಬಣ್ಣದ ಹಾಸುಗಳು ಮೊದಲು ಹಡಗಿನಲ್ಲಿ ಪರದೇಶದಿಂದ ಬರುತ್ತಿದ್ದವು. ಅಸಹಕಾರ ಚಳವಳಿಯ ಬಿಸಿ ಆರದಿದ್ದ 1922ರಲ್ಲಿ ಪಾರ್ಸಿ ಗೃಹಸ್ಥರಾದ ಫಿರೋಜಶಾ ಸಿಧ್ವಾ ಅವರು ಈ ಪದಾರ್ಥವನ್ನು ಸ್ವದೇಶದಲ್ಲೇ ತಯಾರಿಸಬೇಕೆಂದು ಹಟತೊಟ್ಟು ಭಾರತ್ ಟೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಹೆಸರೇ ಅವರ ಅಭಿಪ್ರಾಯವನ್ನು ಸಾರುವುದಷ್ಟೆ. ಅದೇ ರೀತಿ ಸಿಮೆಂಟು: ಪೋರಬಂದರದಲ್ಲಿ 1914ರಿಂದ ತಯಾರಾಗತೊಡಗಿ, ಹತ್ತು ಕಂಪನಿಗಳು 1936ರಲ್ಲಿ ಒಂದುಗೂಡಿ ಎ.ಸಿ.ಸಿ. ಆಗುವಷ್ಟರ ಮಟ್ಟಿಗೆ ಆ ಉದ್ಯಮವು ಬೆಳೆದಿತ್ತು. ಗೋದ್ರೇಜರ ಉಕ್ಕಿನ ಕಪಾಟು 1923ರಿಂದ ಬಂದಿತು. ಹೀಗಿರಲು ಖಾದಿಯನ್ನು ಮೈಮೇಲೆ ಧರಿಸಿದ ಆ ಪೀಳಿಗೆಯು ಸ್ವದೇಶಿಯನ್ನು ಕಾಲಕೆಳಗೂ ಹಾಸಿಕೊಂಡಿತೆಂದರೆ ತಪ್ಪಾಗಲಾರದು. ಮರೀನ್ ಡ್ರೈವಿನ ಭೂಮಿಯ ಕಥೆಯಲ್ಲಿಯೂ ನಮ್ಮವರ ಪಾಲುಂಟು. ಸಮುದ್ರವನ್ನು ತುಂಬಿ ನೆಲವೆತ್ತುವ ಬ್ಯಾಕ್‌ಬೇ ಯೋಜನೆಯಲ್ಲಿ ನಡೆದ ದುರ್ವ್ಯಯವನ್ನು 1920ರ ದಶಕದಲ್ಲಿ ಬಯಲಿಗೆಳೆದವರು ಕಾಂಗ್ರೆಸ್ಸಿನ ನರಿಮಾನರು. ಅದಕ್ಕಾಗಿ ಮಾನನಷ್ಟದ ದಾವೆಯನ್ನು ಎದುರಿಸಿ ಗೆದ್ದವರೂ ಅವರೇ.

ಓವಲ್ ಮೈದಾನದ ಸುತ್ತಲಿನ ಮತ್ತು ಮರೀನ್ ಡ್ರೈವಿನ ಕಟ್ಟಡಗಳನ್ನು, ಎದುರಿನ ಗಾಥಿಕ್ ಕಟ್ಟಡಗಳೊಡನೆ ಸೇರಿಸಿ, 2018ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಏರಿಸಿತು. ಸಂತೋಷವೇ. ಆದರೆ ಮಾಟುಂಗಾ ದಾದರಗಳ ಮನೆಗಳು ಆ ಪಟ್ಟಿಯೊಳಗಿಲ್ಲ. ಅವುಗಳಿಗೆ ರಕ್ಷಣೆಯೆಂದರೆ ಒಳಗೆ ವಾಸಿಸುವವರ ಬುದ್ಧಿಯೊಂದೇ. ಪಟ್ಟಿಯೊಳಗಿದ್ದರೂ ಅದು ಕಾಯುವುದು ಹೊರಗೋಡೆಯನ್ನೇ ಹೊರತು ನಡುಮನೆಯನ್ನಲ್ಲ.

ಈಗ ಮಿತ್ರರ ಪ್ರಶ್ನೆಗೆ ಬರೋಣ. ಹಳೆಯ ಮನೆಯನ್ನು ಹಳೆಯದಾಗಿಯೇ ಇಡಬೇಕೆಂಬ ಹಟವು ನಮಗಿಲ್ಲ. ಆ ಕಾಲದ ಅಡುಗೆಮನೆಯನ್ನು ನಾವು ಒಂದು ಕ್ಷಣವೂ ಸಮರ್ಥಿಸೆವು. ಹೊಗೆ ಹೋಗಲು ದಾರಿಯಿಲ್ಲದ ಮೂಲೆಯಲ್ಲಿ, ನೆಲದ ಮೇಲೆ ಕುಳಿತು ಬಗ್ಗಿ, ಹೆಂಗಸರು ಸವೆಸಿದ ಆಯುಷ್ಯವನ್ನು ‘ಪ್ರಾಚೀನ ಸೊಗಸು’ ಎಂದು ವರ್ಣಿಸುವವನು ಒಂದು ವಾರ ಅಲ್ಲಿ ಬೇಯಿಸಿ ನೋಡತಕ್ಕದ್ದು. ಅಡುಗೆಮನೆಯೂ ಸ್ನಾನಗೃಹವೂ ಪೂರ್ಣವಾಗಿ ಹೊಸವಾಗಲಿ. ನೀರಿನ ಕೊಳವೆಗಳು ಬದಲಾಗಲಿ. ಜಿನುಗು ನಿಲ್ಲುವ ವ್ಯವಸ್ಥೆ ಮೊದಲು ಆಗಲಿ. ವೃದ್ಧೆಯಾದ ತಾಯಿಗೆ ಹಿಡಿದುಕೊಳ್ಳಲು ಕಂಬಿ ಬೇಕು, ಜಾರದ ನೆಲ ಬೇಕು. ವಿದ್ಯುತ್ ತಂತಿಗಳನ್ನು ಬದಲಿಸಲೇಬೇಕು. ಎಂಬತ್ತು ವರ್ಷದ ಹಿಂದೆ ನಾಲ್ಕು ದೀಪ ಎರಡು ಪಂಖಗಳಿಗೆಂದು ಎಳೆದ ತಂತಿಯು ಇಂದಿನ ಶೈತ್ಯಯಂತ್ರಗಳನ್ನು ಹೊರಲಾರದು. ಈ ಬದಲಾವಣೆಗಳಿಂದ ಮನೆಯ ಮುಖ ಕೆಡುವುದಿಲ್ಲ.

ಮುಖ ಕೆಡುವುದು ನೆಲ, ಕಿಟಕಿ, ಮಾಳಿಗೆ ಈ ಮೂರರಿಂದ. ಚೋದ್ಯವೇನೆಂದರೆ ಈ ಮೂರರಲ್ಲಿಯೂ ಸೊಗಸಿನ ವಾದವೂ ಕ್ಷೇಮದ ವಾದವೂ ಒಂದೇ ಕಡೆಗೆ ನಿಲ್ಲುತ್ತವೆ. ನೆಲದ ಮೇಲೆ ಎರಡಂಗುಲ ಗಾರೆ ಹಾಕಿ ಟೈಲು ಕೂರಿಸಿದರೆ ಚದರ ಮೀಟರಿಗೆ ಗಾರೆಯ ಭಾರವೇ 100 ಕಿಲೋಗ್ರಾಮಿಗೆ ಮಿಕ್ಕುತ್ತದೆ. ಹನ್ನೆರಡು ಅಡಿಗೆ ಹದಿನೈದು ಅಡಿಯ ಕೋಣೆಯಲ್ಲಿ ಅದು ಸುಮಾರು 1,700 ಕಿಲೋಗ್ರಾಂ. ಸಮುದ್ರದ ಉಪ್ಪುಗಾಳಿಯನ್ನು ಎಂಟು ದಶಕ ಉಂಡ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು, ಉಬ್ಬಿ, ಮೇಲಣ ಕವಚವನ್ನು ಒಡೆಯುತ್ತಿರುವಾಗ ಈ ಹೊಸ ಹೊರೆಯನ್ನು ಹೇರುವುದು ಮುದುಕನ ತಲೆಯ ಮೇಲೆ ಮೂಟೆಯನ್ನಿಟ್ಟಂತೆ. ಹುಸಿ ಮಾಳಿಗೆಯ ದೋಷ ಇದಕ್ಕಿಂತ ಹೆಚ್ಚಿನದು. ಎತ್ತರವನ್ನು ತಿನ್ನುವುದಂತೂ ಸರಿಯೆ. ಅದರ ಮೇಲೆ ನಿಜವಾದ ಮಾಳಿಗೆಯಲ್ಲಿ ಬಿರುಕು ಬಿಟ್ಟಿದೆಯೊ, ತೇವ ಹಬ್ಬಿದೆಯೊ, ಸಿಪ್ಪೆ ಏಳುತ್ತಿದೆಯೊ ಎಂಬುದನ್ನು ಮನೆಯವರ ಕಣ್ಣಿಂದ ಮರೆಮಾಡುತ್ತದೆ. ರೋಗವನ್ನು ಅಂಗಿಯೊಳಗೆ ಮುಚ್ಚಿಡುವವನನ್ನು ವೈದ್ಯರು ಏನೆನ್ನುವರೋ ಇವರನ್ನೂ ಹಾಗೆಯೇ ಎನ್ನಬೇಕು. ಕಿಟಕಿಯದು ಸರಳ ಲೆಕ್ಕ. ತೇಗಿನ ಜೋಡಿ ಕದಗಳು ತೆರೆದರೆ ಕಿಟಕಿಯೆಲ್ಲ ತೆರೆಯುವುದು. ಒಂದರ ಹಿಂದೊಂದು ಸರಿಯುವ ಎರಡು ಗಾಜುಗಳಲ್ಲಿ ಅರ್ಧವೇ ತೆರೆಯುವುದು. ಬಳಿಕ ಗಾಳಿ ಸಾಲದೆಂದು ಶೈತ್ಯಯಂತ್ರವನ್ನು ತರುವುದು, ಅದರ ಹೊರಭಾಗವನ್ನು ತೂಗುಹಾಕಲು ಚಜ್ಜಕ್ಕೆ ರಂಧ್ರ ಕೊರೆಯುವುದು. ತಂತಿಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ: ಅವುಗಳನ್ನು ಅಡಗಿಸಲೆಂದು ಕಂಬ ತೊಲೆಗಳನ್ನು ಉಳಿಯಿಂದ ಕೊರೆಯಲೇಬಾರದು. ಹಿಂದಿನವರು ಮರದ ಪಟ್ಟಿಯ ಮೇಲೆ ತಂತಿಯನ್ನು ಕಾಣುವಂತೆಯೇ ಒಯ್ದರು. ಇಂದೂ ಗೋಡೆಯ ಮೇಲೆ ಕೊಳವೆಯಲ್ಲಿ ನೆಟ್ಟಗೆ ಒಯ್ದರೆ ಅವಮಾನವೇನೂ ಇಲ್ಲ.

ನೆಲವನ್ನು ಮುಚ್ಚದೆ ಮಾಡತಕ್ಕದ್ದೇನು? ಮೊದಲು ಆಮ್ಲವನ್ನು ಮನೆಯಿಂದ ಹೊರಗಟ್ಟಬೇಕು. ಕಲೆ ಹೋಗಲೆಂದು ಬಾಟಲಿಯಲ್ಲಿ ತಂದು ಸುರಿಯುವ ಆ್ಯಸಿಡ್ಡು ಸಿಮೆಂಟನ್ನೂ ಅಮೃತಶಿಲೆಯನ್ನೂ ತಿಂದು ನೆಲವನ್ನು ಮಂಕಾಗಿಸುವುದು. ಆ ಮಂಕನ್ನು ನೋಡಿಯೇ ‘ನೆಲ ಹಾಳಾಯಿತು’ ಎಂದು ಜನರು ತೀರ್ಮಾನಿಸುವುದು. ಬಿರುಕುಗಳಲ್ಲಿ ಅದೇ ಬಣ್ಣದ ಸಿಮೆಂಟನ್ನು, ಅದೇ ಗಾತ್ರದ ಚೂರುಗಳೊಡನೆ ತುಂಬಿ, ನೀರು ಹಾಯಿಸುತ್ತ ಸಾಣೆಕಲ್ಲಿನ ಯಂತ್ರದಿಂದ ಒರಟಿನಿಂದ ನಯಕ್ಕೆ ಹಂತಹಂತವಾಗಿ ತಿಕ್ಕಿಸಿದರೆ, ನೆಲವು ಹುಟ್ಟಿದ ದಿನದಂತೆ ಎದ್ದು ಬರುವುದನ್ನು ನಾವು ನೋಡಿದ್ದೇವೆ. ಖರ್ಚು ಹೊಸ ಟೈಲಿಗಿಂತ ಕಡಿಮೆ. ಧೂಳೂ ಗದ್ದಲವೂ ಹೆಚ್ಚು. ಬಾಗಿಲುಗಳ ಮೇಲೆ ಪದರಪದರವಾಗಿ ಕೂತಿರುವ ಎನಾಮಲ್ ಬಣ್ಣವನ್ನು ತೆಗೆದು ತೇಗನ್ನು ಕಾಣುವಂತೆ ಮಾಡಬಹುದು. ಆದರೆ ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿರ್ಬಂಧಿಸುವ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದುದರಿಂದ ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬಾರದು, ಒದ್ದೆಮಾಡಿಯೇ ತೆಗೆಯಬೇಕು, ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆ ಇರಿಸಬೇಕು.

ಇದನ್ನು ಬೋಧಿಸುವ ಅಧಿಕಾರ ನಮಗೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ತಪ್ಪು ಮಾಡಿದವನ ಅಧಿಕಾರ ಎಂದು ಉತ್ತರಿಸುವೆವು. ನಮ್ಮ ಸ್ವಂತ ಮನೆಯ ಪಡಸಾಲೆಯಲ್ಲಿ ನಮ್ಮ ತಂದೆಯವರು ಹಾಕಿಸಿದ ಕೆಂಪು ಕಾವಿಯ ನೆಲವಿದ್ದಿತು. ಬರಿಗಾಲಿಗೆ ಬೇಸಗೆಯಲ್ಲಿ ತಂಪು, ದಿನವೂ ಒರೆಸಿ ಒರೆಸಿ ಕನ್ನಡಿಯಂತಾಗಿದ್ದ ಹೊಳಪು. ಕೆಲವು ವರ್ಷಗಳ ಹಿಂದೆ, ಮನೆಯಲ್ಲಿ ಮಂಗಳಕಾರ್ಯವೆಂಬ ಅವಸರದಲ್ಲಿ, ಎರಡು ಬಿರುಕುಗಳ ನೆಪದಿಂದ ಅದನ್ನೆಲ್ಲ ಟೈಲಿನಿಂದ ಮುಚ್ಚಿಸಿದೆವು. ಅತಿಥಿಗಳು ಹೊಗಳಿದರು. ಅಂದಿನಿಂದ ಇಂದಿನವರೆಗೆ ಆ ಪಡಸಾಲೆಯಲ್ಲಿ ನಾವು ನೆಲದ ಮೇಲೆ ಕುಳಿತದ್ದಿಲ್ಲ. ಇಂದು ಮತ್ತೆ ಕಾವಿ ನೆಲ ಬೇಕೆಂದರೆ ಅದನ್ನು ಬಲ್ಲ ಗೌಂಡಿ ನಮ್ಮ ಊರಿನಲ್ಲಿ ಸಿಕ್ಕುವುದು ದುರ್ಲಭ. ದೇವಸ್ಥಾನಗಳ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು ಗರ್ಭಗುಡಿಯ ಗೋಡೆಗೆ ಸ್ನಾನಗೃಹದ ಟೈಲು ಮೆತ್ತುವ ಧರ್ಮದರ್ಶಿಗಳನ್ನು ಇದೇ ಪುಟದಲ್ಲಿ ನಾವು ಅನೇಕ ಸಲ ಟೀಕಿಸಿದವರು. ನಮ್ಮ ಮನೆಯಲ್ಲಿ ಆಗ ನಮಗೆ ಕಣ್ಣು ಕಾಣಲಿಲ್ಲ.

ಇನ್ನೊಂದು ಪಕ್ಷದವರಿಗೂ ಒಂದು ಮಾತು ಹೇಳಬೇಕು. ಮುಂಬಯಿಯ ಧನಿಕರಲ್ಲಿ ಈಚೆಗೆ ‘ಹಳೆಯ ಕಾಲದ ಮನೆ’ ಎಂಬುದೊಂದು ಹುಚ್ಚು ಹಬ್ಬಿದೆ. ಮಟನ್ ಸ್ಟ್ರೀಟಿನ ಚೋರ್ ಬಜಾರಿನಿಂದ ಒಂದು ಗ್ರಾಮಫೋನು, ಯಾರದೋ ಅಜ್ಜನ ಭಾವಚಿತ್ರ, ನಿನ್ನೆ ಮಾಡಿ ಇಂದು ಹಳತಾಗಿಸಿದ ಹಿತ್ತಾಳೆಯ ಗುಂಡಿಗಳು, ಇವುಗಳನ್ನು ತಂದು ತುಂಬಿ ಕಾಲಪುರುಷನನ್ನು ಬಾಡಿಗೆಗೆ ಹಿಡಿದವರಂತೆ ಬೀಗುತ್ತಾರೆ. ಕನ್ನಡಿಗರ ಮಧ್ಯಮ ವರ್ಗದ ಮನೆಯಲ್ಲಿ ಇಂಥದು ಎಂದೂ ಇರಲಿಲ್ಲ. ಇದ್ದುದು ಒಂದು ಮರದ ಮಂಚ, ತೂಗುಮಣೆ, ಉಕ್ಕಿನ ಕಪಾಟು, ಬೆತ್ತದ ನಾಲ್ಕು ಕುರ್ಚಿ, ಗೋಡೆಗೆ ಲೋಕಮಾನ್ಯರದೂ ಗಾಂಧೀಜಿಯವರದೂ ಪಟ. ಅಂಥ ಮನೆಗೆ ಅಲಂಕಾರವೆಂದರೆ ಸಾಮಾನನ್ನು ಸೇರಿಸುವುದಕ್ಕಿಂತ ತೆಗೆಯುವುದೇ ಹೆಚ್ಚು. ಗೋಡೆಗೆ ತಿಳಿಯಾದ ಒಂದು ಬಣ್ಣ, ಕಿಟಕಿಗೆ ಇಳಕಲ್ಲಿನದೋ ಗುಳೇದಗುಡ್ಡದ್ದೋ ಬಟ್ಟೆಯ ಪರದೆ, ಇದ್ದ ಬೆತ್ತದ ಕುರ್ಚಿಗೆ ಹೊಸ ಹೆಣಿಗೆ. ಇಷ್ಟಾದರೆ ನೆಲವೂ ಕಿಟಕಿಯೂ ತಾವೇ ಮಾತಾಡುವುವು.

ಹಣದ ಪ್ರಶ್ನೆ ಉಳಿಯಿತು, ಅದಕ್ಕಿಂತ ಜಟಿಲವಾದ ಹಕ್ಕಿನ ಪ್ರಶ್ನೆಯೂ ಉಳಿಯಿತು. ಈ ಬ್ಲಾಕುಗಳಲ್ಲಿ ಬಹಳವು ಬಾಡಿಗೆಯವು. 1947ರ ಶಾಸನವು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. 1999ರ ಶಾಸನವು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿಸಲು ಅವಕಾಶವಿತ್ತಿತು. ಇಷ್ಟು ಅಲ್ಪ ಬಾಡಿಗೆಯಲ್ಲಿ ಮಾಲೀಕನು ಕಟ್ಟಡವನ್ನು ರಿಪೇರಿ ಮಾಡಲೊಲ್ಲ. ತನ್ನದಲ್ಲದ ಕಟ್ಟಡಕ್ಕೆ ಬಾಡಿಗೆದಾರನು ಹಣ ಸುರಿಯಲೊಲ್ಲ. ಇಬ್ಬರನ್ನೂ ನಾವು ದೂಷಿಸೆವು. ಮಾಲೀಕನ ಲಿಖಿತ ಸಮ್ಮತಿಯಿಲ್ಲದೆ ಶಾಶ್ವತ ಸ್ವರೂಪದ ನಿರ್ಮಾಣ ಮಾಡಿದರೆ ಬಿಡಾರವೇ ಕೈತಪ್ಪುವ ಭಯವೂ ಕಾಯಿದೆಯಲ್ಲಿದೆ. ನಮ್ಮ ಮಿತ್ರರ ಮಗನು ಮೊಗಸಾಲೆಯನ್ನು ಮುಚ್ಚುವ ಮುನ್ನ ವಕೀಲರೊಬ್ಬರನ್ನು ಕಾಣುವುದು ಲೇಸು. ಇಷ್ಟರ ನಡುವೆ ಬಿಲ್ಡರನು ಬಂದು, ಕೆಡವಿ ಎತ್ತರಕ್ಕೆ ಕಟ್ಟಿ ಎಲ್ಲರಿಗೂ ಹೊಸ ಬಿಡಾರವನ್ನು ಉಚಿತವಾಗಿ ಕೊಡುವೆನೆಂದಾಗ, ಬಕೇಟು ಹಿಡಿದು ಮಳೆಗಾಲವನ್ನು ಕಳೆದ ಕುಟುಂಬವು ಬೇಡವೆನ್ನುವುದು ಸುಲಭವಲ್ಲ. ಕಟ್ಟಡವು ನಿಜಕ್ಕೂ ಅಪಾಯಕರವಾಗಿದ್ದರೆ ಬೇಡವೆನ್ನಲೂಬಾರದು. ಆದರೆ ಪರೀಕ್ಷೆಯಿಲ್ಲದೆ ಅಪಾಯದ ತೀರ್ಪನ್ನು ಕೊಡುವವನು ಲಾಭ ಪಡೆಯುವವನೇ ಆಗಿರಬಾರದು. ನಿವಾಸಿಗಳೇ ಚಂದಾ ಎತ್ತಿ ಸ್ವತಂತ್ರ ಇಂಜಿನಿಯರರಿಂದ ಕಟ್ಟಡವನ್ನು ಪರೀಕ್ಷಿಸಿಕೊಳ್ಳಬೇಕು. ಅಲಂಕಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಖರ್ಚು ಅದೇ ಆಗತಕ್ಕದ್ದು. ಒಂದು ಬಿಡಾರದ ನೆಲ ಎಷ್ಟು ಹೊಳೆದರೇನು, ಕೆಳಗಿನ ಕಂಬ ಕುಸಿಯುತ್ತಿದ್ದರೆ?

ಈ ಅಭಿಪ್ರಾಯಗಳನ್ನು ಮಿತ್ರರಿಗೆ ಮೊದಲೇ ಪತ್ರಮುಖೇನ ತಿಳಿಸಿದ್ದೆವು. ಮೊನ್ನೆ ಅವರ ಉತ್ತರ ಬಂದಿದೆ. ಕಟ್ಟಡದ ಹನ್ನೆರಡು ಕುಟುಂಬಗಳಲ್ಲಿ ಒಂಬತ್ತು ಇಂಜಿನಿಯರರ ಪರೀಕ್ಷೆಗೆ ಒಪ್ಪಿವೆಯಂತೆ. ಹುಸಿ ಮಾಳಿಗೆಯನ್ನು ಮಗನು ಕೈಬಿಟ್ಟಿದ್ದಾನೆ. ನೆಲ ತಿಕ್ಕುವ ಯಂತ್ರದವನು ಬಂದು ಮೂಲೆಯಲ್ಲಿ ಒಂದು ಅಡಿಯಷ್ಟು ತಿಕ್ಕಿ ತೋರಿಸಿದನಂತೆ. ಸೊಸೆಯೇ ಮೊದಲು ಸೋತಳೆಂದು ಬರೆದಿದ್ದಾರೆ. ಮೊಗಸಾಲೆಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ. ಮೊಮ್ಮಗನಿಗೆ ಓದಲು ಕೋಣೆ ಬೇಕೆಂಬುದು ಸುಳ್ಳಲ್ಲ, ತಾಯಿಯವರು ಸಾಯಂಕಾಲ ಕುಳಿತುಕೊಳ್ಳಲು ಅಲ್ಲದೆ ಬೇರೆ ಸ್ಥಳವಿಲ್ಲವೆಂಬುದೂ ಸುಳ್ಳಲ್ಲ.